ಕತ್ತರಿ ಹಾಕುವ ಮೊದಲು

ಪ್ರೀತಿಯ ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ಚಿತ್ರಕಾರ ಡೇವಿಡ್ ರಾಬರ್ಟ್ಸ್ ಬರೆದ ಈಜಿಪ್ಟ್ ಚಿತ್ರಗಳ ಸಂಪುಟದಿಂದ ನಾಲ್ಕು ಹಾಳೆ ಬಿಡಿಸಿ, ಚೌಕಟ್ಟು ಹಾಕಿಸಿ, ನಿನ್ನ ಹೊಸ ಮನೆಯ ಗೋಡೆಗೆ ಕೊಡಬಾರದೇ ಎಂದು ಕೇಳಿದ್ದೀಯೆ. ಕೊಡುವುದಿಲ್ಲ. ಮುಖ ಊದಿಸಿಕೊಳ್ಳುವ ಮೊದಲು ಕಾರಣ ಓದು.

ರಾಬರ್ಟ್ಸ್ ಎಡಿನ್‌ಬರೋ ಬಳಿ ಬೂಟು ಹೊಲಿಯುವವರ ಮನೆಯಲ್ಲಿ ಹುಟ್ಟಿದವನು. ನಾಟಕಗಳಿಗೆ ಪರದೆ ಬರೆಯುತ್ತಿದ್ದ. 1838ರಲ್ಲಿ ನೈಲ್ ನದಿಯ ಮೇಲೆ ದೋಣಿಯಲ್ಲಿ ಬಂಡೆ ಕೊರೆದ ದೇವಾಲಯವಿದ್ದ ಅಬು ಸಿಂಬೆಲ್‌ವರೆಗೂ ಹೋಗಿ ಕಂಡದ್ದನ್ನೆಲ್ಲ ಚಿತ್ರವಾಗಿ ಬರೆದುಕೊಂಡ. ಛಾಯಾಚಿತ್ರದ ವಿದ್ಯೆ ಲೋಕಕ್ಕೆ ತಿಳಿದದ್ದು ಅದರ ಮರುವರ್ಷ. ಪರದೆಯ ಕಸುಬು ಅವನ ಕೈ ಬಿಡಲಿಲ್ಲ ನೋಡು: ಕಂಬಗಳ ಬುಡದಲ್ಲಿ ಮನುಷ್ಯರನ್ನು ಇರುವೆಯಷ್ಟು ಮಾಡಿ ನಿಲ್ಲಿಸುತ್ತಾನೆ, ದೇವಾಲಯ ಇನ್ನಷ್ಟು ಎತ್ತರವಾಗುತ್ತದೆ. ಅವನನ್ನು ಪೂರ್ತಿ ನಂಬಬೇಡ, ಆದರೆ ನೋಡುವುದನ್ನು ಬಿಡಬೇಡ.

ಆ ಚಿತ್ರಗಳನ್ನು ಅಚ್ಚು ಹಾಕಲೆಂದು ಲಂಡನ್ನಿನಲ್ಲಿ ಕಲ್ಲಿನ ಮೇಲೆ ಬರೆದವನು ಲೂಯಿ ಹಾಘ್. ಹುಟ್ಟಿನಿಂದಲೇ ಅವನ ಬಲಗೈ ಊನ, ಕೆಲಸವೆಲ್ಲ ಎಡಗೈಯಲ್ಲಿ. ಬವೇರಿಯಾದ ಸಣ್ಣ ತರಿಯ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಎಡ ಬಲ ತಿರುಗಿಸಿ ಬರೆಯಬೇಕು. ಆಮೇಲೆ ಕಲ್ಲಿಗೆ ನೀರು ಸವರಿ ಮಸಿ ಉರುಳಿಸಿದರೆ, ಜಿಡ್ಡಿದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಮೊದಲ ಆವೃತ್ತಿ 1842ರಿಂದ 1849ರವರೆಗೆ ಕಂತು ಕಂತಾಗಿ ಬಂತು. ಅದನ್ನು ಕೊಳ್ಳುವ ಯೋಗ್ಯತೆ ನನ್ನ ಪಿಂಚಣಿಗಿಲ್ಲ. ನಮ್ಮಲ್ಲಿರುವುದು ಅದೇ ಚಿತ್ರಗಳನ್ನು ಕುಗ್ಗಿಸಿ 1855ರ ಹೊತ್ತಿಗೆ ತಂದ ಚಿಕ್ಕ ಆವೃತ್ತಿಯ ಒಂಟಿ ಸಂಪುಟ. ಮೊದಲ ಆವೃತ್ತಿ ಬರುತ್ತಿದ್ದ ಕಾಲದಲ್ಲೇ ನಮ್ಮ ಮಂಗಳೂರಿನಲ್ಲೂ ಇದೇ ಕಲ್ಲಚ್ಚು ಕೆಲಸ ಮಾಡುತ್ತಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಹಾಗೆಯೇ.

ಮುಂದಿನ ಸಲ ಬಂದಾಗ ಅಬು ಸಿಂಬೆಲ್ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡು. ಇಂದಿನ ಮುದ್ರಣದ ಸಾಲು ಚುಕ್ಕಿಗಳು ಕಾಣುವುದಿಲ್ಲ. ಕಲ್ಲಿನ ತರಿಗೆ ಕಡ್ಡಿ ಉಜ್ಜಿದ ಗುರುತು, ಒಂದು ಕಡೆ ದಟ್ಟ, ಒಂದು ಕಡೆ ತೆಳು. ತಾಮ್ರದ ತಗಡಿನ ಅಚ್ಚಾಗಿದ್ದರೆ ಚಿತ್ರದ ಸುತ್ತ ಕಾಗದ ಒತ್ತಿದ ಅಂಚು ಬೆರಳಿಗೆ ತಾಗುತ್ತದೆ, ಇಲ್ಲಿ ತಾಗದು. ಆಕಾಶದ ತಿಳಿಗಂದು ಬಣ್ಣಕ್ಕೆ ಬೇರೆಯದೇ ಕಲ್ಲು. ಬಿಸಿಲು ಹೊಡೆಯುವ ಜಾಗದಲ್ಲಿ ಆ ಕಲ್ಲನ್ನು ಕೆರೆದಿರುತ್ತಾರೆ. ಅಲ್ಲಿ ಹೊಳೆಯುವ ಬಿಳುಪು ಬಣ್ಣವಲ್ಲ, ಬರಿಯ ಕಾಗದ. ಮೂರ್ತಿಗಳ ಮೇಲೆ ಮರಳು ಏರಿ ನಿಂತಿರುವುದನ್ನೂ ಗಮನಿಸು. ಆಸ್ವಾನ್ ಅಣೆಕಟ್ಟಿನ ನೀರಿಗೆ ಹೆದರಿ 1960ರ ದಶಕದಲ್ಲಿ ಆ ದೇವಾಲಯವನ್ನೇ ಕೊಯ್ದು ಎತ್ತರಕ್ಕೆ ಸಾಗಿಸಿದರು. ರಾಬರ್ಟ್ಸ್ ನಿಂತ ಜಾಗ ಈಗ ನೀರಿನಡಿ.

ಈಗ ನಿನ್ನ ನಾಲ್ಕು ಹಾಳೆಯ ವಿಷಯ. ಹಳೆಯ ಪುಸ್ತಕದ ವ್ಯಾಪಾರದಲ್ಲಿ ಇಡೀ ಸಂಪುಟಕ್ಕಿಂತ ಬಿಡಿ ಹಾಳೆಗಳಿಂದ ಹೆಚ್ಚು ದುಡ್ಡು ಹುಟ್ಟುತ್ತದೆ. ಹೀಗಾಗಿ ಗಟ್ಟಿಯಾಗಿದ್ದ ಪುಸ್ತಕಗಳ ಹೊಲಿಗೆ ಬಿಚ್ಚಿ ಮಾರಿದವರು ಬಹಳ. ಚಿತ್ರ ಗೋಡೆಗೆ ಹೋಗುತ್ತದೆ. ಎದುರಿನ ವಿವರಣೆ ರದ್ದಿಗೆ. ನನಗೆ ಅದು ಕಸಾಯಿಖಾನೆಯ ಕೆಲಸವೆನಿಸುತ್ತದೆ. ಮೇಲಾಗಿ ನಿನ್ನ ಮನೆಯ ಪಶ್ಚಿಮದ ಕಿಟಕಿಯ ಬಿಸಿಲಿಗೆ ಈ ಕಾಗದ ಕೆಲವೇ ವರ್ಷಗಳಲ್ಲಿ ಕಂದುತ್ತದೆ.

ನಾನು ಹೋದ ಮೇಲೆ ಸಂಪುಟ ಬೇಡವೆನಿಸಿದರೆ ಧಾರಾಳವಾಗಿ ಮಾರು, ಆದರೆ ಇಡಿಯಾಗಿ. ಹಾಳೆಯ ಲೆಕ್ಕದಲ್ಲಿ ದರ ಹೇಳುವವನಿಗೆ ಕಾಫಿಯನ್ನೂ ಕೊಡಬೇಡ.

ಯಾವ ನಾಲ್ಕು ಚಿತ್ರ ಬೇಕು, ಎಷ್ಟು ಅಗಲ ಎಂದು ಬರೆ. ಬೆನ್ನು ಸೀಳದಂತೆ ಮೇಲಿನಿಂದ ಫೋಟೋ ತೆಗೆಸಿ, ಒಳ್ಳೆಯ ಕಾಗದದ ಮೇಲೆ ಮುದ್ರಿಸಿ ಕಳಿಸುತ್ತೇನೆ. ಚೌಕಟ್ಟಿನ ಖರ್ಚು ನಿನ್ನದು.

ನಿನ್ನ,
ಅಪ್ಪ