ಮಾರ್ಕರ್ ಆಮ್ಯಾಲ ತಗೋರಿ, ಮದ್ಲ ಗಾಳಿ ಎಲ್ಲಿ ತುಂಬಿಸ್ತೀರಿ ನೋಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಮ್ಮ ಓಣಿ ಹುಡುಗರು ಒಂದಿಷ್ಟು ಮಂದಿ ಪೇಂಟ್‌ಬಾಲ್ ಆಡಾಕ ಹತ್ಯಾರ, ಅಂದ್ರ ಗಾಳಿ ಒತ್ತಡದಾಗ ಬಣ್ಣದ ಗುಂಡು ಹೊಡಿಯೂ ಆಟ, ಅದ್ರಾಗೂ ಸ್ಪೀಡ್‌ಬಾಲ್, ಅಂದ್ರ ಸಣ್ಣ ಮೈದಾನ, ಎರಡೂ ಕಡೆ ಒಂದ ನಮೂನಿ ಗಾಳಿ ತುಂಬಿದ ಬಂಕರ್ (ಮರಿಯಾಗ ನಿಲ್ಲೂ ದಿಂಬು), ಸೀಟಿ ಹೊಡದ ಕೂಡ್ಲೆ ಓಡೂದು, ಕೆಲವ ನಿಮಿಷದಾಗ ಆಟ ಖಲಾಸ್. ಬಾಡಿಗಿ ಗನ್ನಿನಾಗ ಆಡಿ ಸಾಕಾಗಿ ಈಗ ಸ್ವಂತದ್ದು ಬೇಕಂತಾರ. ಎಲ್ಲಾರೂ ಕೇಳೂದು, ಸೋವಿದ್ದು ಯಾವ ಮಾರ್ಕರ್ ಅಂತ, ಈ ಆಟದ ಗನ್ನಿಗೆ ಹಂಗಂತಾರ. ನಾ ಹೇಳೂದು, ಗಾಳಿ ಯಾವ್ದು, ಅದನ್ನ ತುಂಬಿಸೂದು ಎಲ್ಲಿ, ಇಷ್ಟು ಮದ್ಲ ಗಟ್ಟಿ ಮಾಡ್ಕೋರಿ, ಯಾಕಂದ್ರ ರೊಕ್ಕ ಮುಳುಗೂದು ಅಲ್ಲೆ.

ಸೋವಿ ಅಂತ ಎಲ್ಲಾರೂ ಸಿಒಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಕಡೆ ಹೋಗ್ತಾರ. ಅಡಗಿ ಗ್ಯಾಸಿನಂಗ ಅದು ಒಳಗ ದ್ರವ ಆಗಿ ಇರ್ತೈತಿ, ಹೊರಗ ಬರುವಾಗ ಗ್ಯಾಸ್ ಆಗ್ತೈತಿ. 21 ಡಿಗ್ರಿ ಇದ್ದಾಗ ಒಳಗಿನ ಒತ್ತಡ ಸುಮಾರು 850 ಪಿಎಸ್‌ಐ (ಒತ್ತಡ ಅಳಿಯೂ ಮಾನ), 31 ಡಿಗ್ರಿಗೆ ಬಂದ್ರ 1000 ದಾಟಿರ್ತೈತಿ. ಡಿಸೆಂಬರ್ ಮುಂಜಾನಿ ನಮ್ಮ ಬೆಳಗಾವಿ ಚಳ್ಯಾಗ ಒಂದು ಸ್ಪೀಡು, ಎಪ್ರಿಲ್ ಮಧ್ಯಾಹ್ನ ವಿಜಯಪುರದ ಬಿಸಲಾಗ ಇನ್ನೊಂದು ಸ್ಪೀಡು. ಬಾಲ್ ಸೆಕೆಂಡಿಗೆ 300 ಅಡಿಗಿಂತ ಜೋರ್ ಹೋಗಬಾರದು ಅನ್ನೂದು ಈ ಆಟದ ರೂಢಿ, ಭಾಳ ಕಡೆ 280ಕ್ಕ ನಿಲ್ಲಿಸ್ತಾರ, ಹಿಂಗ ಹವಾ ಬದಲಾದಂಗ ಸ್ಪೀಡೂ ಬದಲಾದ್ರ ಏನ್ ಮಾಡೂದ್ರಿ? ಅದೂ ಹೋಗ್ಲಿ, ಸ್ಪೀಡ್‌ಬಾಲಿನಾಗ ಬಿಡದಂಗ ಹೊಡೀತಾರ, ಹಂಗ ಹೊಡದಂಗ ಸಿಲಿಂಡರ್ ತಣ್ಣಗಾಗಿ ಒತ್ತಡ ಇಳೀತೈತಿ, ಒಮ್ಮೊಮ್ಮಿ ಆ ದ್ರವನ ಸೀದಾ ಮಾರ್ಕರ್ ಒಳಗ ಹೊಕ್ಕೊಂತೈತಿ. ನನ್ನ ಗುರ್ತಿನ ಹುಡುಗ ಒಬ್ಬಾವ ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಾನಿಕ್ ಮಾರ್ಕರ್ ತಗೊಂಡ, ಮಾರಿದಾವ ಸಿಒಟು ನಡೀತೈತಿ ಅಂದಿದ್ದ. ಸೊಲೆನಾಯ್ಡ್, ಅಂದ್ರ ಕರೆಂಟಿನಾಗ ಗಾಳಿ ಬಿಡೂ ವಾಲ್ವು, ಹ್ವಾತು, ಬಿಚ್ಚಿ ನೋಡಿದ್ರ ಒಳಗಿನ ಓ-ರಿಂಗ್ (ಗಾಳಿ ಸೋರದಂಗ ಹಿಡಿಯೂ ಸಣ್ಣ ಬಳಿ) ಉಬ್ಬಿ ಹರದಿದ್ದವು. ಪಾಪ, ಅಪ್ಪನ ಕಡೆ ಬೇಡಿ ತಂದ ರೊಕ್ಕ ಅದು.

ಅದಕ್ಕ ಸ್ಪೀಡ್‌ಬಾಲಿಗೆ ಹೈ ಪ್ರೆಶರ್ ಗಾಳಿನ ಬೇಕು, ಅಂದ್ರ ನಾವು ಉಸಿರಾಡೂ ಗಾಳಿನ ಒತ್ತಿ ತುಂಬಿದ್ದು. ಇದ್ರಾಗ ದ್ರವದ ಮಾತ ಇಲ್ಲ, ಬಾಟ್ಲಿ ಮ್ಯಾಲಿನ ರೆಗ್ಯುಲೇಟರ್ ಒಂದ ಹದದಾಗ ಒತ್ತಡ ಕೊಡ್ತೈತಿ. ಬಾಟ್ಲಿ ಎರಡು ನಮೂನಿ, 48 ಘನ ಇಂಚಿಂದು 3000 ಪಿಎಸ್‌ಐ ಅಲ್ಯೂಮಿನಿಯಂ, ತೂಕ ಜಾಸ್ತಿ ಆದ್ರ ಸೋವಿ, ಇನ್ನೊಂದು 68 ಘನ ಇಂಚಿಂದು 4500 ಪಿಎಸ್‌ಐ ಕಾರ್ಬನ್ ಫೈಬರ್, ಹಗರ ಆದ್ರ ಭಾಳ ತುಟ್ಟಿ, ಗಾಳಿ ಮಾತ್ರ ಎರಡು ಪಟ್ಟು ಹಿಡೀತೈತಿ. ತುಂಬಿಸೂ ಕಡೆ 3000 ಅಷ್ಟ ಸಿಗೂದಾದ್ರ 4500ರ ಬಾಟ್ಲಿಗೆ ಅಷ್ಟು ರೊಕ್ಕ ಸುರೀಬ್ಯಾಡ್ರಿ, ಅಲ್ಯೂಮಿನಿಯಂ ಸಾಕು. ಪಂಚರ್ ಅಂಗಡ್ಯಾಗ ತುಂಬಿಸ್ಕೊಂಡು ಬರ್ತೇನಿ ಅನ್ನೋರೂ ಅದಾರ, ಅಲ್ಲಿ ಕಂಪ್ರೆಸರ್ 150 ಪಿಎಸ್‌ಐ ಕೊಟ್ರ ಹೆಚ್ಚು. ನೀರಾಗ ಮುಳುಗಾವ್ರ ಸ್ಕೂಬಾ ಸಿಲಿಂಡರ್ 200 ಬಾರ್, ಅಂದ್ರ ಸುಮಾರು 2900, ನಾಕೈದು ಗೆಳ್ಯಾರು ಕೂಡಿ ಅಂಥಾದ್ದೊಂದು ಇಟ್ಕೊಂಡ್ರ ನಡೀತೈತಿ, ಆದ್ರ ಒಂದೊಂದು ಬಾಟ್ಲಿ ತುಂಬಿದಂಗ ಒತ್ತಡ ಇಳಕೋತ ಹೋಗ್ತೈತಿ. ಮತ್ತ ಕೈ ಮುಗದ ಹೇಳ್ತೇನಿ, ತುಂಬೂ ನಿಪ್ಪಲಿಗೆ ಎಣ್ಣಿ ಗ್ರೀಸ್ ಹಚ್ಚಬ್ಯಾಡ್ರಿ, ಅಷ್ಟ ಒತ್ತಡದಾಗ ಎಣ್ಣಿ ಹೊತ್ತಿ ಬಾಟ್ಲಿ ಸಿಡೀಬಹುದು.

ಇನ್ನ ಮಾರ್ಕರ್. ಟಿಪ್ಪಮನ್ 98 ಗಟ್ಟಿಮುಟ್ಟಾದ ಗನ್, ಅಡವ್ಯಾಗ ಆಡಾಕ ಛಲೋ, ಆದ್ರ ಸ್ಪೀಡ್‌ಬಾಲಿಗೆ ವಜ್ಜಿ, ಗಾಳಿನೂ ಜಾಸ್ತಿ ಕುಡೀತೈತಿ. ನನ್ನ ಕೇಳಿದ್ರ ಪ್ಲಾನೆಟ್ ಎಕ್ಲಿಪ್ಸ್ ಎಮೆಕ್ ಅಂಥಾ ಮೆಕ್ಯಾನಿಕಲ್ ಮಾರ್ಕರ್ ಹುಡುಕ್ರಿ, ಬ್ಯಾಟರಿ ಬ್ಯಾಡ, ಸೊಲೆನಾಯ್ಡ್ ಇಲ್ಲ, ಗಾಳಿ ಮ್ಯಾಲೆ ಅಷ್ಟ ನಡೀತೈತಿ, ಕಲಿಯಾವ್ರ ಕೈಯಾಗ ಲಗೂನ ಕೆಡೂದಿಲ್ಲ. ಹಳೇದು ತಗೊಂಡ್ರ ಬಾಟ್ಲಿ ತಿರುವಿ ಕೂಡ್ಸಿ, ಫ್ಯಾನ್ ಬಂದ್ ಮಾಡಿ, ಜೋಡೂ ಜಾಗಾಕ್ಕ ಕಿವಿ ಇಟ್ಟು ಕೇಳ್ರಿ. ಸುಂಯ್ ಅಂತಂದ್ರ ಭಾಳ ಸಲ ಬಾಟ್ಲಿ ಬಾಯಿಂದ ಓ-ರಿಂಗ್ ಹೋಗಿರ್ತೈತಿ, ಸೈಜು 015, ನಮ್ಮ ಕೈಗಾರಿಕಾ ಪ್ರದೇಶ ಉದ್ಯಮಬಾಗ ಕಡೆ ಹೈಡ್ರಾಲಿಕ್ ಸಾಮಾನು ಇಡಾವ್ರ ಕಡೆ ಕೇಳ್ರಿ, ಕರಿ ರಬ್ಬರಿಂದು ಬ್ಯಾಡ, ಪಾಲಿಯುರೆಥೇನ್ ಕೊಡ್ರಿ ಅನ್ರಿ. ಗಾಳಿ ಒಳಗಿಂದ ಸೋರಾಕತ್ತಿದ್ರ ಆ ಗನ್ ಬಿಟ್ ಬಿಡ್ರಿ.

ಉಳದ ರೊಕ್ಕದಾಗ ಮದ್ಲ ಮಾಸ್ಕ್ ತಗೋರಿ, ಎಎಸ್‌ಟಿಎಂ ಎಫ್1776 (ಈ ಆಟದ ಕಣ್ಣಿನ ರಕ್ಷಣಾದ ಗುಣಮಟ್ಟದ ಗುರ್ತು) ಅಂತ ಬರದದ್ದು, ಗ್ಲಾಸ್ ಎರಡು ಪದರಿಂದಿರ್ಲಿ, ಒಂದ ಪದರಿಂದು ನಮ್ಮ ಮಳಿಗಾಲದಾಗ ಮಂಜ ಹಿಡದು ಕಣ್ಣ ಕಾಣೂದಿಲ್ಲ, ಆಗ ಹುಡುಗರು ಆಟದ ನಡುವ ಮಾಸ್ಕ್ ಎತ್ತತಾರ, ಕಣ್ಣ ಹೋಗೂದು ಅಂಥಾ ಹೊತ್ತಿನಾಗ. ಬಾಲಿನ ಸಿಪ್ಪಿ ಜಿಲಾಟಿನ್, ತ್ಯಾವಕ್ಕ ಉಬ್ಬತೈತಿ, ಅದಕ್ಕ ಜೂನ್ ಜುಲೈನಾಗ ಚೀಲ ತೆರದಿಟ್ಟು ಮಾರೂ ಕಡೆ ತಗೋಬ್ಯಾಡ್ರಿ.

ಈಗ ನನ್ನ ವಿನಂತಿ. ಬೆಳಗಾವಿ, ಬಾಗಲಕೋಟಿ, ವಿಜಯಪುರದಾಗ ಇಂಥಾ ಆಟದ ಗ್ರೌಂಡ್ ನಡಸೋರು, ಇನ್ನ ಮುಂದ ತೆಗಿಯೋರು, ಗೇಟಿಗೆ ಒಂದು ಬೋರ್ಡ್ ಹಾಕ್ರಿ: ಇಲ್ಲಿ ಸಿಗೂದು ಸಿಒಟುನೋ ಗಾಳಿನೋ, ಎಷ್ಟು ಪಿಎಸ್‌ಐ ತನಕ ತುಂಬತೀರಿ, ಸ್ಪೀಡಿನ ಮಿತಿ ಎಷ್ಟು, ಅದನ್ನ ಅಳಿಯೂ ಕ್ರೋನೋಗ್ರಾಫ್ ಐತೋ ಇಲ್ಲೋ. ತಂದ ಬಾಟ್ಲಿ ಮ್ಯಾಲೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ತಡೀತೈತೋ ನೋಡೂ ಪರೀಕ್ಷಾ) ತಾರೀಖು ಓದದ ತುಂಬಬ್ಯಾಡ್ರಿ, ಅಮೆರಿಕದ ಸಾರಿಗಿ ಇಲಾಖಾ ಡಿಒಟಿ ಮುದ್ರಿ ಇರೂ ಬಾಟ್ಲಿಗೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮಿ ಆ ಟೆಸ್ಟ್ ಆಗಬೇಕು. ನಮ್ಮ ದೇಶದಾಗ ಇಂಥಾ ಸಿಲಿಂಡರಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮ ಐತಿ, ನಾಗಪುರದ ಪೆಸೊ, ಅಂದ್ರ ಸ್ಫೋಟಕ ಸುರಕ್ಷತಾ ನೋಡೂ ಕೇಂದ್ರ ಸರ್ಕಾರದ ಸಂಸ್ಥಾ, ಅದನ್ನ ನೋಡ್ಕೊಂತೈತಿ, ಹೊರದೇಶದಿಂದ ಬಾಟ್ಲಿ ತರಿಸೂ ಮದ್ಲ ಹುಡುಗರು ಅಲ್ಲಿ ಕೇಳ್ಲಿ. ಉದ್ಯಮಬಾಗದ ಹೈಡ್ರಾಲಿಕ್ ಮಂದಿಗೂ ಒಂದು ಮಾತು, ಒತ್ತಡದ ಕೆಲಸ ನಿಮಗ ದಿನಾ ಮಾಡೂದ ಐತಿ, ನಿಯಮದ ಪರ್ವಾನಗಿ ತಗೊಂಡು ಒಬ್ಬರಾದ್ರೂ ಟೆಸ್ಟ್ ಮಾಡಿ ಗಾಳಿ ತುಂಬಿ ಕೊಡೂ ವ್ಯವಸ್ಥಾ ಮಾಡ್ರಿ, ಈ ಹುಡುಗರು ಎಲ್ಲೆಲ್ಲೋ ಅಲಿಯೂದು ತಪ್ಪತೈತಿ.

ಇಂತಿ,
ನಿಮ್ಮ ಓದುಗ, ಟಿಳಕವಾಡಿ, ಬೆಳಗಾವಿ