ಈಸ್ಟರ್‌ಗೆ ಕೊಚ್ಚಿಗೆ ಹೊರಟ ಮಗಳಿಗೆ

ಮೈಸೂರು
2026 ಮಾರ್ಚ್ 22

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಸಣ್ಣಗಾಗಿತ್ತು. "ದೊಡ್ಡಮ್ಮ, ಈ ಸಲ ಮಕ್ಕಳಿಗೆ ಈಸ್ಟರ್ ಹಬ್ಬವೇ ಇಲ್ಲದ ಹಾಗೆ ಆಗುತ್ತೆ, ಟಿಕೆಟ್ ಕ್ಯಾನ್ಸಲ್ ಮಾಡಿಸಲಾ?" ಅಂದೆ. ಒಲೆಯ ಮೇಲೆ ಹಾಲಿಟ್ಟಿದ್ದೆ, ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ರಾತ್ರಿ ಮಲಗಿದ ಮೇಲೂ ಅದೇ ಯೋಚನೆ. ಅದಕ್ಕೆ ಬೆಳಿಗ್ಗೆ ಎದ್ದು ಬರೆಯಲು ಕೂತೆ.

ಟಿಕೆಟ್ ಕ್ಯಾನ್ಸಲ್ ಮಾಡಿಸಬೇಡ. ನಿನ್ನ ಗಂಡನಿಗೆ 2 ವರ್ಷದ ಮೇಲೆ ಸಿಕ್ಕಿದ ರಜೆ ಅದು. ಹೋಗಿ ಬನ್ನಿ.

ಮೊದಲು ನಿನ್ನ ಅಮ್ಮನ ವಿಷಯ. ಅವಳು ಮುನಿಸಿಕೊಂಡಿದ್ದಾಳೆ, ನನಗೆ ಗೊತ್ತು. ನನ್ನ ತಂಗಿ ಅಲ್ವಾ. ಮೆಸೇಜ್ ಹಾಕಿ ಮುಗಿಸಬೇಡ, ಫೋನ್ ಮಾಡಿ ಮಾತಾಡು. ಈಸ್ಟರ್ ಒಂದೇ ದಿನದ ಹಬ್ಬ ಅಲ್ಲ ಅಂತ ಹೇಳು. ಪವಿತ್ರಾತ್ಮ ಇಳಿದು ಬಂದ ನೆನಪಿನ ಪೆಂತೆಕೋಸ್ತು ಹಬ್ಬದವರೆಗೆ 50 ದಿನ ಪಾಸ್ಖ ಕಾಲವೇ, ಅಂದರೆ ಈಸ್ಟರ್ ಕಾಲವೇ. ಈ ಸಲ ಅದು ಮೇ 24ರವರೆಗೆ ಇದೆ. ಅದರಲ್ಲೂ ಮೊದಲ 8 ದಿನವನ್ನು ಚರ್ಚು ಒಂದೇ ದೊಡ್ಡ ದಿನ ಅನ್ನುವ ಹಾಗೆ ಆಚರಿಸುತ್ತದೆ. ಏಪ್ರಿಲ್ 12ರ ಭಾನುವಾರ ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಬಾ. ಅವತ್ತು ಅವಳ ಕೈಯ ಬಿರಿಯಾನಿ ತಿಂದರೂ ಅದು ಈಸ್ಟರ್ ಊಟವೇ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಚರ್ಚಿನ ಲೆಕ್ಕವೇ ಹಾಗಿದೆ.

ಇನ್ನು ಮಕ್ಕಳ ವಿಷಯ. ಇದಕ್ಕೆ ನನ್ನದೇ ಒಂದು ಕಥೆ ಹೇಳಬೇಕು. ನಿನಗೆ ಇದುವರೆಗೆ ಹೇಳಿಲ್ಲ.

1992ರಲ್ಲಿ ನಿನ್ನ ದೊಡ್ಡಪ್ಪನಿಗೆ ಕಾರವಾರಕ್ಕೆ ವರ್ಗ ಆಯಿತು. ಸೋಮವಾರ ಕೆಲಸಕ್ಕೆ ಹಾಜರಾಗಬೇಕು. ಹಿಂದಿನ ಭಾನುವಾರ, ಏಪ್ರಿಲ್ 19, ಈಸ್ಟರ್. ಶನಿವಾರ ಸಂಜೆಯೊಳಗೆ ಊರು ಸೇರಿ ರಾತ್ರಿ ಪಾಸ್ಖ ಜಾಗರಣೆಗೆ, ಈಸ್ಟರ್ ಹಿಂದಿನ ರಾತ್ರಿಯ ಪೂಜೆಗೆ, ಹೋಗುವುದು ಅಂತ ನಾನು ಲೆಕ್ಕ ಹಾಕಿದ್ದೆ. ಮನೆಯ ಹಬ್ಬವನ್ನೇ ಚೀಲಕ್ಕೆ ತುಂಬಿಕೊಂಡಿದ್ದೆ. ಬಣ್ಣ ಹಚ್ಚಿದ ಮೊಟ್ಟೆ, ರವೆ ಕೇಕು, ಇಸ್ತ್ರಿ ಮಾಡಿದ ಹೊಸ ಬಟ್ಟೆ, ಮೇಣದಬತ್ತಿ ಎಲ್ಲ. ಬಸ್ಸು ಗೇರುಸೊಪ್ಪೆ ಘಾಟಿಯಲ್ಲಿ ಕೆಟ್ಟು ನಿಂತಿತು. ಸಂಜೆ ಹೋಗಿ ರಾತ್ರಿ ಆಯಿತು. ಕೇಕು ಪುಡಿ ಆಗಿತ್ತು, ಮೊಟ್ಟೆ ಒಡೆದು ವಾಸನೆ ಬರುತ್ತಿತ್ತು. ನಾನು ಎಲ್ಲರ ಮೇಲೂ ರೇಗುತ್ತಿದ್ದೆ. ಆಗ ನನ್ನ ಮಗಳು, 6 ವರ್ಷದವಳು, ಕೇಳಿದಳು. "ಅಮ್ಮ, ಹಾಗಾದ್ರೆ ಇವತ್ತು ಯೇಸುಸ್ವಾಮಿ ಏಳಲ್ವಾ?" ನಾನು ಅವಳ ಮುಖವನ್ನೂ ನೋಡದೆ, "ನಿಮ್ಮ ಈ ಗಲಾಟೆಗೆ ಯಾರು ಏಳ್ತಾರೆ, ಸುಮ್ನಿರು" ಅಂದುಬಿಟ್ಟೆ.

ಅವಳು ಸುಮ್ಮನಾದಳು. ಎಷ್ಟೋ ವರ್ಷ ಆದ ಮೇಲೆ, ಅವಳ ಮಗಳು ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಹಿಂದಿನ ದಿನ, ಆ ಮಾತನ್ನು ನನಗೆ ನೆನಪಿಸಿದಳು. ಅವತ್ತು ಅವಳು ಅದನ್ನು ನಿಜ ಅಂದುಕೊಂಡಿದ್ದಳಂತೆ. ತಾನು ಗಲಾಟೆ ಮಾಡಿದ್ದಕ್ಕೆ ಯೇಸುಸ್ವಾಮಿ ಏಳಲಿಲ್ಲ ಅಂತ. ನನಗೆ ಇವತ್ತಿಗೂ ಅದು ಎದೆಯಲ್ಲಿ ಚುಚ್ಚುತ್ತದೆ.

ಆ ರಾತ್ರಿ ನಿನ್ನ ದೊಡ್ಡಪ್ಪ ಮಕ್ಕಳನ್ನು ಕೆಳಗಿಳಿಸಿಕೊಂಡು ಹೋದರು. ಮೈಲಿಗಲ್ಲಿನ ಮೇಲೆ ಒಂದು ಬತ್ತಿ ಹಚ್ಚಿ ನಿಲ್ಲಿಸಿದರು. ಗಾಳಿಗೆ ಅದು ಆರುವುದು, ಇವರು ಮತ್ತೆ ಹಚ್ಚುವುದು. ಅಲ್ಲೇ ಕೂತು ಎಮ್ಮಾವಿನ ಕಥೆ ಹೇಳಿದರು. ಕಂಡಕ್ಟರ್ ಬಂದು ತನ್ನ ಬಿಸ್ಕತ್ ಪ್ಯಾಕೆಟ್ ಮಕ್ಕಳ ಕೈಗೆ ಕೊಟ್ಟ. ನನ್ನ ಮಗನಿಗೆ ಚಿಕ್ಕಂದಿನ ಈಸ್ಟರ್ ಅಂದರೆ ನೆನಪಿರುವುದು ಆ ಬತ್ತಿ ಮತ್ತು ಆ ಬಿಸ್ಕತ್. ನಾನು ತುಂಬಿಕೊಂಡು ಹೋಗಿದ್ದ ಯಾವುದೂ ಅಲ್ಲ.

ಎಮ್ಮಾವಿನ ಕಥೆ ನಿನಗೆ ಗೊತ್ತು. ಲೂಕನ ಶುಭಸಂದೇಶದ 24ನೇ ಅಧ್ಯಾಯ. ಯೇಸುಸ್ವಾಮಿ ಎದ್ದ ಅದೇ ಭಾನುವಾರ ಇಬ್ಬರು ಶಿಷ್ಯರು ಜೆರುಸಲೇಮ್ ಬಿಟ್ಟು ಹೊರಟಿದ್ದಾರೆ. ಮನಸ್ಸು ಮುರಿದಿದೆ. ಸುಮಾರು 11 ಕಿಲೋಮೀಟರ್ ದಾರಿ. ಯಾರೋ ಒಬ್ಬರು ಜೊತೆ ಸೇರಿಕೊಳ್ಳುತ್ತಾರೆ. ಗುರುತು ಸಿಗುವುದಿಲ್ಲ. ಕತ್ತಲಾಗುತ್ತಿದೆ, ನಮ್ಮ ಜೊತೆ ಉಳಿಯಿರಿ ಅಂತ ಒತ್ತಾಯ ಮಾಡುತ್ತಾರೆ. ಊಟಕ್ಕೆ ಕೂತಾಗ ಅವರು ರೊಟ್ಟಿ ಮುರಿಯುತ್ತಾರೆ, ಆಗ ಗುರುತು ಸಿಗುತ್ತದೆ. ನೋಡು, ಮೊದಲ ಈಸ್ಟರ್ ದಿನವೇ ಇಬ್ಬರು ದಾರಿಯಲ್ಲಿದ್ದರು. ಪ್ರಯಾಣದಲ್ಲಿ ಈಸ್ಟರ್ ಮಾಡುವುದು ಕೊರತೆ ಅಂತ ಹೇಗೆ ಹೇಳುವುದು? ರೈಲಿನಲ್ಲಿ ಮಕ್ಕಳಿಗೆ ಈ ಕಥೆಯನ್ನೇ ಹೇಳು.

ಗುರುವಾರ ರಾತ್ರಿ ತಾನೇ ನಿಮ್ಮ ರೈಲು? ಏಪ್ರಿಲ್ 2ಕ್ಕೆ ಹುಣ್ಣಿಮೆ. ಕಿಟಕಿಯಿಂದ ಮಕ್ಕಳಿಗೆ ಚಂದ್ರನನ್ನು ತೋರಿಸು. ಮಾರ್ಚ್ 21ಕ್ಕೋ ಅದಾದ ಮೇಲೋ ಬರುವ ಮೊದಲ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. ಅದಕ್ಕೇ ಹಬ್ಬ ಒಂದು ವರ್ಷ ಮಾರ್ಚ್ ಕೊನೆಗೆ ಬಂದರೆ ಇನ್ನೊಂದು ವರ್ಷ ಏಪ್ರಿಲ್ ಕೊನೆಗೆ ಹೋಗುತ್ತದೆ. ಯೇಸುಸ್ವಾಮಿ ತೋಟದಲ್ಲಿ ಒಬ್ಬರೇ ಪ್ರಾರ್ಥನೆ ಮಾಡಿದ ರಾತ್ರಿಯೂ ಇಂಥ ಬೆಳದಿಂಗಳೇ ಇದ್ದಿರಬೇಕು ಅಂತ ದೊಡ್ಡವನಿಗೆ ಹೇಳು. 9 ವರ್ಷ, ಅವನಿಗೆ ಅರ್ಥ ಆಗುತ್ತದೆ. ಶನಿವಾರ ಅದೇ ಚಂದ್ರ ಸ್ವಲ್ಪ ಸವೆದು, ರಾತ್ರಿ 8ರ ಮೇಲೆ ಹುಟ್ಟುತ್ತಾನೆ. ಅದನ್ನೂ ನೋಡಲಿ. ಗುರುವಾರ ಸಂಜೆಯ ಪೂಜೆ ತಪ್ಪಿದ್ದಕ್ಕೆ ಕೊರಗಬೇಡ.

ಮನೆಯಿಂದ ಒಂದೇ ಒಂದು ವಸ್ತು ತೆಗೆದುಕೊಂಡು ಹೋಗು ಅನ್ನುತ್ತೇನೆ. 29ಕ್ಕೆ ಗರಿಗಳ ಭಾನುವಾರ ನಿಮ್ಮ ಚರ್ಚಿನಲ್ಲಿ ಕೊಡುವ ಗರಿಯಿಂದ ಮಕ್ಕಳ ಕೈಯಲ್ಲೇ ಸಣ್ಣ ಶಿಲುಬೆ ಮಾಡಿಸಿ ಪುಸ್ತಕದ ಮಧ್ಯೆ ಇಡು. ಕೇರಳದ ತೋಮಾ ಕ್ರೈಸ್ತರ ಮನೆಗಳಲ್ಲಿ ಪವಿತ್ರ ಗುರುವಾರ ರಾತ್ರಿ ಪೆಸಹಾ ಅಪ್ಪ ಮಾಡುತ್ತಾರೆ. ಹುಳಿ ಬರಿಸದ ಹಿಟ್ಟಿನ ಅಪ್ಪ. ಅದರ ಮೇಲೆ ಇಂಥದ್ದೇ ಗರಿಯ ಶಿಲುಬೆ ಇಡುತ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ಮಾಡಿ ಅಪ್ಪ ಮುರಿದು, ಬೆಲ್ಲ ಮತ್ತು ತೆಂಗಿನ ಹಾಲು ಹಾಕಿ ಮಾಡುವ 'ಪಾಲ್' ಅನ್ನುವ ಪಾನೀಯದ ಜೊತೆ ಎಲ್ಲರಿಗೂ ಹಂಚುತ್ತಾರೆ. ನೀವು ಇಳಿದುಕೊಳ್ಳುವ ಹೋಂಸ್ಟೇ ಮನೆಯವರು ಅಂಥವರಾದರೆ, ನಿಮ್ಮ ಮಕ್ಕಳ ಗರಿ ಶಿಲುಬೆಯನ್ನು ಅವರಿಗೆ ತೋರಿಸಲಿ. ಮಾತು ತಾನಾಗಿಯೇ ಶುರುವಾಗುತ್ತದೆ. ಆದರೆ ಅಪ್ಪ ಕೊಡಿ ಅಂತ ನೀನಾಗಿ ಕೇಳಬೇಡ. ಅದು ಮನೆಯೊಳಗಿನ ಪೂಜೆ, ಪ್ರವಾಸಿಗರ ತಿಂಡಿ ಅಲ್ಲ. ಅವರಾಗಿ ಕೊಟ್ಟರೆ ಎರಡೂ ಕೈಯಲ್ಲಿ ತಗೊಳ್ಳಿ.

ಶುಭ ಶುಕ್ರವಾರ ಮಧ್ಯಾಹ್ನದ ಆರಾಧನೆಗೆ ಎಲ್ಲರೂ ಹೋಗಿ. ಮಕ್ಕಳಿಗೆ ಉಪವಾಸದ ನಿಯಮ ಇಲ್ಲ, ಅವರಿಗೆ ಹೊಟ್ಟೆ ತುಂಬ ತಿನ್ನಿಸು. ಅಲ್ಲಿನ ಎಷ್ಟೋ ಚರ್ಚುಗಳಲ್ಲಿ ಅವತ್ತು ಕಯ್ಪುನೀರು ಕೊಡುತ್ತಾರೆ. ಕಹಿ ನೀರು, ಶಿಲುಬೆಯ ಮೇಲೆ ಯೇಸುಸ್ವಾಮಿಗೆ ಕೊಟ್ಟ ಹುಳಿ ಪಾನೀಯದ ನೆನಪಿಗೆ. ದೊಡ್ಡವನು ಒಂದು ಗುಟುಕು ಕುಡಿಯಲಿ. ಚಿಕ್ಕವಳಿಗೆ ಬೇಡ ಅನ್ನಿಸಿದರೆ ಬಿಟ್ಟುಬಿಡು. ಸ್ವಾಮಿಯ ಗಾಯಗೊಂಡ ಪ್ರತಿಮೆ ನೋಡಿ ಅವಳು ಹೆದರಬಹುದು. ಮುತ್ತಿಡು ಅಂತ ಎಳೆದುಕೊಂಡು ಹೋಗಬೇಡ, ಎತ್ತಿಕೊಂಡು ಹಿಂದೆ ನಿಲ್ಲು. ಅವತ್ತು ರಾತ್ರಿ ಮಲಗಿಸುವಾಗ ಕಥೆಯನ್ನು ಸಮಾಧಿಯಲ್ಲಿ ನಿಲ್ಲಿಸಬೇಡ. ಭಾನುವಾರ ಏನಾಗುತ್ತದೆ ಅನ್ನುವುದನ್ನೂ ಹೇಳಿ ಮಲಗಿಸು. 5 ವರ್ಷದ ಮಗುವಿಗೆ 2 ರಾತ್ರಿ ಕಾಯುವುದು ತುಂಬ ದೊಡ್ಡದು.

ಮಲಯಾಟ್ಟೂರು ಬೆಟ್ಟಕ್ಕೆ ಶುಕ್ರವಾರವೇ ಹೋಗೋಣ ಅಂತ ನಿನ್ನ ಗಂಡ ಅಂದರಂತೆ. ಈ ವಯಸ್ಸಿನ ಮಕ್ಕಳ ಜೊತೆ ಬೇಡ. ಮರದ ಶಿಲುಬೆ ಹೊತ್ತ ಜನಸಾಗರ, ಏಪ್ರಿಲ್ ಬಿಸಿಲು, ಕಡಿದಾದ ಹತ್ತುವ ದಾರಿ. ಮಕ್ಕಳು ದೊಡ್ಡವರಾದ ಮೇಲೆ ಹೋಗಿ.

ಅದರ ಬದಲು ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಜ್ ಬೆಸಿಲಿಕಾದಲ್ಲಿ ಒಂದು ಗಂಟೆ ಕೂತಿರಿ. ಕಳೆದ ದಸರಾ ರಜೆಯಲ್ಲಿ ಮಕ್ಕಳನ್ನು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಹೋಗಿದ್ದೆವಲ್ಲ. ಗೋಡೆ, ಚಾವಣಿ ತುಂಬ ಚಿತ್ರ ನೋಡಿ ದೊಡ್ಡವನು ಕತ್ತು ನೋಯುವವರೆಗೆ ಮೇಲೆ ನೋಡುತ್ತಿದ್ದ. ಅದನ್ನು ಬಿಡಿಸಿದ ಇಟಲಿಯ ಯೇಸುಸಭೆಯ ಸಹೋದರ ಆಂಟೋನಿಯೋ ಮೊಸ್ಕೇನಿ ಅವರೇ ಈ ಬೆಸಿಲಿಕಾದ ಚಿತ್ರಗಳನ್ನೂ ಬಿಡಿಸಿದ್ದು. ಮಂಗಳೂರಿನ ಅವರ ಶಿಷ್ಯ ಡಿ ಗಾಮಾ ಅವರೂ ಜೊತೆಗಿದ್ದರು. 1905ರ ನವೆಂಬರ್‌ನಲ್ಲಿ ಚರ್ಚಿನ ಪ್ರತಿಷ್ಠೆಗೆ ಇನ್ನು 4 ದಿನ ಇದೆ ಅನ್ನುವಾಗ ಮೊಸ್ಕೇನಿ ಅಲ್ಲೇ ತೀರಿಕೊಂಡರು. ತಾನು ಬಣ್ಣ ತುಂಬಿದ ಚರ್ಚಿನಲ್ಲಿ ಒಂದು ಹಬ್ಬವನ್ನೂ ಅವರು ನೋಡಲಿಲ್ಲ. ಮನೆ ಬಿಟ್ಟು ಅಷ್ಟು ದೂರ ಬಂದು ಮಾಡಿದ ಕೆಲಸ. ಅಲ್ಲಿರುವ ಕಡೆಯ ಭೋಜನದ ಚಿತ್ರವನ್ನು ಮಕ್ಕಳಿಗೆ ತೋರಿಸು. ಮಂಗಳೂರಿನ ಅದೇ ಕೈ ಅಂತ ಹೇಳು. ಪರ ಊರಿನ ಚರ್ಚಿನಲ್ಲೂ ಪರಿಚಯದವರು ಸಿಕ್ಕ ಹಾಗೆ ಆಗುತ್ತದೆ ಅವರಿಗೆ. ಆರಾಧನೆಯ ಹೊತ್ತಲ್ಲಿ ಫೋನ್ ಹೊರಗೆ ತೆಗೆಯಬೇಡಿ.

ಈಗ ಮುಖ್ಯ ಮಾತು. ಬೇರೆ ಏನು ಬಿಟ್ಟರೂ ಶನಿವಾರ ರಾತ್ರಿಯ ಜಾಗರಣೆ ಬಿಡಬೇಡ. ಮಕ್ಕಳಿಗೆ ನಿದ್ದೆ ಬರುತ್ತದೆ, ಭಾನುವಾರ ಬೆಳಿಗ್ಗೆ ಹೋದರಾಯಿತು ಅಂತ ಎಲ್ಲರೂ ಹೇಳುತ್ತಾರೆ. ಮಧ್ಯಾಹ್ನವೇ ಇಬ್ಬರನ್ನೂ ಮಲಗಿಸಿ ಎಬ್ಬಿಸು. ಪೂಜೆಯ ಹೊತ್ತನ್ನು ಶುಕ್ರವಾರವೇ ಕೇಳಿಕೋ. ಕೇರಳದ್ದೇ ಆದ ಸಿರೋ ಮಲಬಾರ್ ಪದ್ಧತಿಯ ಕಥೋಲಿಕ ಚರ್ಚುಗಳಲ್ಲಿ ಸಾಮಾನ್ಯವಾಗಿ ಬೆಳಗಿನ ಜಾವ 3ರ ಹೊತ್ತಿಗೆ ಇರುತ್ತದೆ, ನಮ್ಮ ಲ್ಯಾಟಿನ್ ಪದ್ಧತಿಯ ಚರ್ಚುಗಳಲ್ಲಿ ಶನಿವಾರ ರಾತ್ರಿಯೇ. ಸ್ವಲ್ಪ ಮುಂಚೆ ಹೋಗಿ ಹೊರಗೆ, ಪೂಜೆಯ ಶುರುವಿಗೆ ಹಚ್ಚುವ ಹೊಸ ಬೆಂಕಿಯ ಹತ್ತಿರ ಜಾಗ ಹಿಡಿಯಿರಿ. ಗುರುಗಳು ಪಾಸ್ಖ ಬತ್ತಿಯ ಮೇಲೆ ಶಿಲುಬೆ ಗುರುತು ಮಾಡಿ, ವರ್ಷದ ಅಂಕಿ ಬರೆಯುತ್ತಾರೆ. 2, 0, 2, 6. ಅದನ್ನು ಹುಡುಕುವ ಕೆಲಸ ಚಿಕ್ಕವಳಿಗೆ ಕೊಡು. ಆಮೇಲೆ ಪೂರ್ತಿ ಕತ್ತಲೆಯ ಚರ್ಚಿನೊಳಗೆ ಆ ಒಂದೇ ದೀಪ ಹೋಗುತ್ತದೆ. ಅದರಿಂದ ಒಬ್ಬರ ಬತ್ತಿ, ಅವರಿಂದ ಪಕ್ಕದವರದು. ಮಲಯಾಳಂ ಬಾರದ ನಿಮಗೆ ಯಾರೋ ಗುರುತಿಲ್ಲದವರು ಬೆಳಕು ಕೊಡುತ್ತಾರೆ. ದೊಡ್ಡವನು ಅದನ್ನು ಇನ್ನೊಬ್ಬರಿಗೆ ದಾಟಿಸಲಿ. ನೀನು ಮಧ್ಯೆ ಕೈ ಹಾಕಬೇಡ, ಅವನೇ ಮಾಡಲಿ.

ಭಾಷೆ ತಿಳಿಯದೆ ಬೇಸರ ಪಟ್ಟರೆ ಒಂದು ಉಪಾಯ ಇದೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಉದ್ದಕ್ಕೂ ನಾವು ಅಲ್ಲೆಲೂಯ ಅನ್ನುವ ಸ್ತುತಿ ಹಾಡಿಲ್ಲ. ಆ ರಾತ್ರಿ ಅದು ಮತ್ತೆ ಬರುತ್ತದೆ. ಕನ್ನಡದಲ್ಲೂ ಮಲಯಾಳದಲ್ಲೂ ಅದೇ ಪದ. ಅದು ಯಾವಾಗ ಬರುತ್ತದೆ ಅಂತ ಕಿವಿಗೊಟ್ಟು ಕಾಯಲಿ. ಗ್ಲೋರಿಯಾ ಅನ್ನುವ ಸ್ತುತಿಗೀತೆಯ ಹೊತ್ತಿಗೆ ಗುರುವಾರದಿಂದ ಮೌನವಾಗಿದ್ದ ಗಂಟೆ ಬಾರಿಸುತ್ತದೆ. ಅಷ್ಟರಲ್ಲಿ ಚಿಕ್ಕವಳು ನಿನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದರೆ, ಆ ಗಂಟೆ ಬಾರಿಸುವಾಗ ಮಾತ್ರ ಎಬ್ಬಿಸು.

ಮೊಟ್ಟೆಯ ವಿಷಯ ಕೇಳಿದ್ದೆ. ಚಾಕೊಲೇಟ್ ಮೊಟ್ಟೆ ಹೊತ್ತುಕೊಂಡು ಹೋಗಬೇಡ, ಆ ಸೆಕೆಗೆ ಕರಗುತ್ತದೆ. ಒಂದು ಕವರಿನಲ್ಲಿ ಒಣ ಈರುಳ್ಳಿ ಸಿಪ್ಪೆ ಇಟ್ಟುಕೋ. ಶನಿವಾರ ಬೆಳಿಗ್ಗೆ ಹೋಂಸ್ಟೇ ಅಡುಗೆಮನೆಯನ್ನು ಅರ್ಧ ಗಂಟೆ ಕೇಳು. ಸಂಜೆ ಕೇಳಬೇಡ, ಅವರು ಮರುದಿನದ ಅಪ್ಪಕ್ಕೆ, ಸ್ಟ್ಯೂಗೆ ತಯಾರಿ ಮಾಡಿಕೊಳ್ಳುತ್ತಿರುತ್ತಾರೆ. ಮೊಟ್ಟೆಯ ಮೇಲೆ ಕೊತ್ತಂಬರಿ ಎಲೆ ಇಟ್ಟು, ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಸಿಪ್ಪೆ ಹಾಕಿದ ನೀರಲ್ಲಿ ಒಂದು ಚಮಚ ವಿನೆಗರ್ ಜೊತೆ ಬೇಯಿಸು. ಬಿಚ್ಚಿದರೆ ಕೆಂಪು ಕಂದು ಬಣ್ಣದ ಮೇಲೆ ಎಲೆಯ ಅಚ್ಚು ಬಿಳಿಯಾಗಿ ಕಾಣುತ್ತದೆ. ಆರಿದ ಕೂಡಲೇ ಫ್ರಿಜ್ಜಿನಲ್ಲಿಡು, ಭಾನುವಾರ ಬೆಳಿಗ್ಗೆ ತಿನ್ನಿಸು. ಬೇಸಿಗೆಯಲ್ಲಿ ಹೊರಗೆ ಜಾಸ್ತಿ ಹೊತ್ತು ಇಟ್ಟ ಮೊಟ್ಟೆಯನ್ನು ಮಕ್ಕಳಿಗೆ ಕೊಡಬೇಡ.

ಹುಡುಕುವ ಆಟಕ್ಕೆ 7 ಖಾಲಿ ಬೆಂಕಿಪೊಟ್ಟಣ ಸಾಕು. ಒಂದರಲ್ಲಿ ಗರಿಯ ಚೂರು, ಒಂದರಲ್ಲಿ ರೂಪಾಯಿ ನಾಣ್ಯ, ಮುಳ್ಳು, ಮೊಳೆ, ಬಿಳಿ ಬಟ್ಟೆಯ ತುಂಡು, ಸಣ್ಣ ಕಲ್ಲು. ಕೊನೆಯದು ಖಾಲಿ. ಕೋಣೆಯಲ್ಲಿ ಬಚ್ಚಿಡು. ಸಿಕ್ಕ ಒಂದೊಂದನ್ನೂ ತೆರೆದು ಕಥೆಯನ್ನು ಅವರೇ ಹೇಳಲಿ. ಖಾಲಿ ಪೊಟ್ಟಣ ತೆರೆದಾಗ ನೀನು ಏನೂ ವಿವರಿಸಬೇಡ. ಅವರು ಏನು ಹೇಳುತ್ತಾರೆ ಅಂತ ಕೇಳಿ ನನಗೆ ಹೇಳು, ನನಗೆ ತಿಳಿಯಲೇಬೇಕು.

ಭಾನುವಾರ ಮಧ್ಯಾಹ್ನ ಅಜ್ಜಿಗೆ ಮಕ್ಕಳ ಕೈಯಿಂದಲೇ ಫೋನ್ ಮಾಡಿಸು. ಏನಾದರೂ ತಪ್ಪಿ ಹೋದರೆ, ರೈಲು ತಡವಾದರೆ, ಮಳೆ ಬಂದರೆ, ಯಾರಿಗಾದರೂ ಜ್ವರ ಬಂದರೆ, ರೇಗಬೇಡ ಮಗಳೇ. ಚಿಕ್ಕವಳು ನನ್ನ ಮಗಳ ಹಾಗೆ ಏನಾದರೂ ಕೇಳಿದರೆ, ನಿಂತು, ಮುಖ ನೋಡಿ, "ಎದ್ದಿದ್ದಾರೆ ಕಂದ" ಅಂತ ಹೇಳು.

ಬತ್ತಿ ಹಿಡಿಯುವಾಗ ಮಕ್ಕಳಿಗೆ ಹತ್ತಿ ಬಟ್ಟೆ ಹಾಕು. ಚಿಕ್ಕವಳ ಕೂದಲು ಬಿಗಿಯಾಗಿ ಕಟ್ಟು, ಮುಂದೆ ಬೀಳುತ್ತದೆ.

ನಿನ್ನ
ದೊಡ್ಡಮ್ಮ