ಹಳೆಯ 90 ವೋಲ್ಟ್ ಬ್ಯಾಟರಿ ಬಳಸುವ ಮುನ್ನ

ಗೆಳೆಯರೇ, ಲ್ಯಾಬ್ ಬೀರುವಿನಲ್ಲಿ ವಾಲ್ವ್ ರೇಡಿಯೋ ಕಾಲದ ಬ್ಯಾಟರಿ ಸಿಕ್ಕರೆ ಸುಮ್ನೆ ಮೀಟರ್ ಹಚ್ಚಿ ‘ಚೆನ್ನಾಗಿದೆ’ ಎಂದುಕೊಳ್ಳಬೇಡಿ. ಒಳಗಿನ ಪೇಸ್ಟ್ ಅರ್ಧ ಒಣಗಿದ್ದರೂ ಡಿಜಿಟಲ್ ಮೀಟರ್ ಒಳ್ಳೆಯ ವೋಲ್ಟೇಜನ್ನೇ ತೋರಿಸಬಹುದು. ಅದು ಎಳೆಯುವ ಕರೆಂಟ್ ಅಷ್ಟು ಕಡಿಮೆ. ಬ್ಯಾಟರಿಯ ಎರಡು ತುದಿಗಳ ನಡುವೆ 10 ಕಿಲೋ ಓಮ್ ರೆಸಿಸ್ಟರ್ ಜೋಡಿಸಿ ಅಳೆಯಿರಿ, ಬಂಡವಾಳ ಬಯಲಾಗುತ್ತದೆ. ರೆಸಿಸ್ಟರ್ 2 ವಾಟ್‌ನದಿರಲಿ. ಕಾಲು ವಾಟ್‌ನದು ಸುಟ್ಟ ವಾಸನೆ ಬರಿಸುತ್ತದೆ, ಅನುಭವದ ಮಾತು!

ಒಳಗೆ ಮಾಯೆಯೇನೂ ಇಲ್ಲ. 1.5 ವೋಲ್ಟ್‌ನ 60 ಸತು-ಕಾರ್ಬನ್ ಸೆಲ್‌ಗಳು ಸಾಲಾಗಿ ಕೂತಿವೆ, ಅಷ್ಟೇ. 45 ವೋಲ್ಟ್‌ನದರಲ್ಲಿ 30. ಈಗ 9 ವೋಲ್ಟ್‌ನ ಹತ್ತು ಬ್ಯಾಟರಿಗಳನ್ನು ಒಂದಕ್ಕೊಂದು ಸಿಕ್ಕಿಸಿದರೂ 90 ಸಿಗುತ್ತದೆ. ಆದರೆ ಹೊಸ ಆಲ್ಕಲೈನ್ ಸಾಲು ಶಾರ್ಟ್ ಆದರೆ ಆಂಪಿಯರ್‌ಗಟ್ಟಲೆ ಕರೆಂಟ್ ಹರಿದೀತು. ಹಾಗಾಗಿ ಮೊದಲು ರೆಸಿಸ್ಟರ್, ಆಮೇಲೆ ಉಳಿದ ಸರ್ಕ್ಯೂಟ್. 100 ಕಿಲೋ ಓಮ್ ಹಾಕಿದರೆ 1 ಮಿಲಿಆಂಪಿಯರ್ ಕೂಡ ದಾಟುವುದಿಲ್ಲ, ನಿಯಾನ್ ದೀಪಕ್ಕೆ ಅದು ಸಾಕು. ಒದ್ದೆ ಕೈ ಬೇಡ, ತೆರೆದ ತುದಿ ಬೇಡ.

ಪವರ್ ಸಪ್ಲೈ ಇರುವಾಗ ಇದೆಲ್ಲ ಏಕೆ ಅಂತೀರಾ? ಮೇನ್ಸ್‌ನ ಗುಂಯ್ ಸದ್ದು ಇಲ್ಲ, ಅರ್ತ್ ಜೊತೆ ನಂಟೂ ಇಲ್ಲ. ವಿಕಿರಣ ಅಳೆಯುವ ಅಯಾನೀಕರಣ ಕೋಣೆಯಂಥ ಸೂಕ್ಷ್ಮ ಪ್ರಯೋಗಕ್ಕೆ ಇದು ದೊಡ್ಡ ಅನುಕೂಲ ಅಲ್ವಾ?

ಸೋರಿದ ಹಳೆ ಬ್ಯಾಟರಿಯನ್ನು ಬಿಚ್ಚಬೇಡಿ. ಕೆಲವದರಲ್ಲಿ ಪಾದರಸ ಇರುತ್ತದೆ. ಅದನ್ನು ಅಪಾಯಕಾರಿ ಕಸದ ಜೊತೆಗೇ ಕಳಿಸಿ.